ಸಣ್ಣ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಯಿತು: ಇಲ್ಲೇ ಮುಂದುವರಿಯಲೇ, ದಾವಣಗೆರೆಗೆ ಹೋಗಲೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ನನ್ನ ವಿಷಯಗಳು. ಎರಡನೇ ಸೆಮಿಸ್ಟರ್ ಪರೀಕ್ಷೆ ಈಗಷ್ಟೇ ಮುಗಿದಿದೆ. ಸೇರಿದಾಗ ನಮ್ಮ ತರಗತಿಯಲ್ಲಿ 17 ಮಂದಿ ಇದ್ದೆವು, ಈಗ 11 ಮಂದಿ ಉಳಿದಿದ್ದೇವೆ. ಗಣಿತಕ್ಕೆ ಅತಿಥಿ ಉಪನ್ಯಾಸಕರು ಬಂದದ್ದೇ ತಡವಾಗಿ. ಮೊದಲ ಸೆಮಿಸ್ಟರ್‌ನ ಗಣಿತದಲ್ಲಿ ನಾನು ಫೇಲಾಗಿದ್ದೇನೆ. ದಾವಣಗೆರೆಯ ದೊಡ್ಡ ಕಾಲೇಜಿಗೆ ಬದಲಾಯಿಸಿಕೋ ಎಂದು ಸೋದರಮಾವ ಹೇಳುತ್ತಾರೆ. ಇಂಥ ಕಾಲೇಜಿನ ಡಿಗ್ರಿಗೆ ಬೆಲೆಯಿಲ್ಲ, ಓದಿದ್ದು ಸಾಕು ಎಂದು ಅಪ್ಪ ಹೇಳುತ್ತಾರೆ. ನನಗೆ ಎಂ.ಎಸ್ಸಿ. ಮಾಡಬೇಕೆಂಬ ಆಸೆ, ಅದಾಗದಿದ್ದರೆ ಹೈಸ್ಕೂಲ್ ಶಿಕ್ಷಕಿಯಾದರೂ ಆಗಬೇಕು. ಏನು ಮಾಡಲಿ?

ಉತ್ತರ: ನೀವು ಬರೆದಿರುವಷ್ಟನ್ನೇ ಆಧಾರವಾಗಿಟ್ಟುಕೊಂಡು ಹೇಳುವುದಾದರೆ, ಈ ವರ್ಷ ಕಾಲೇಜು ಬದಲಾಯಿಸಬೇಡಿ ಎಂಬುದೇ ನನ್ನ ಸಲಹೆ. ಮೂರನೇ ಸೆಮಿಸ್ಟರ್ ಶುರುವಾಗುವುದರೊಳಗೆ ಸರಿಪಡಿಸಿಕೊಳ್ಳಬೇಕಾದದ್ದು ನಿಮ್ಮ ಗಣಿತ. ಅದು ದಾವಣಗೆರೆಗೆ ಹೋದ ಮಾತ್ರಕ್ಕೆ ಸರಿಯಾಗುವುದಿಲ್ಲ, ನಿಮ್ಮ ಊರಿನಲ್ಲೇ ಇದ್ದರೆ ಸರಿಪಡಿಸಿಕೊಳ್ಳಲು ಆಗುವುದೇ ಇಲ್ಲ ಎಂದೂ ಇಲ್ಲ. ಕಾಲೇಜು ಬದಲಾಯಿಸಲೇಬೇಕಾದ ಸಂದರ್ಭವೂ ಉಂಟು. ಅದು ಯಾವುದು ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ನಿಮ್ಮ ತಂದೆಯವರ ಮಾತನ್ನು ತೆಗೆದುಕೊಳ್ಳೋಣ, ಏಕೆಂದರೆ ನಿಮ್ಮ ಓದನ್ನೇ ನಿಲ್ಲಿಸಬಲ್ಲ ಮಾತು ಅದು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಕಾಲೇಜುಗಳು, ಅವು ಸರ್ಕಾರಿಯಾಗಿರಲಿ ಅನುದಾನಿತವಾಗಿರಲಿ, 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಪದವಿ ಪ್ರಮಾಣಪತ್ರವನ್ನು ಕೊಡುವುದು ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ವಿಶ್ವವಿದ್ಯಾಲಯವೇ ಹೊರತು ನಿಮ್ಮ ಕಾಲೇಜಲ್ಲ. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ದಾವಣಗೆರೆ ನಗರದ ದೊಡ್ಡ ಕಾಲೇಜಿನ ವಿದ್ಯಾರ್ಥಿನಿ ಯಾವ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಾಳೋ ಅದೇ ದಿನ, ಅದೇ ಗಂಟೆಗೆ ಅದೇ ಪ್ರಶ್ನೆಪತ್ರಿಕೆ ನಿಮ್ಮ ಮುಂದೆಯೂ ಬರುತ್ತದೆ, ಮತ್ತು ಮೌಲ್ಯಮಾಪಕರಿಗೆ ಅದು ಯಾವ ಕಾಲೇಜಿನ ಉತ್ತರಪತ್ರಿಕೆ ಎಂಬುದು ತಿಳಿಯದಂತೆ ನೋಡಿಕೊಳ್ಳಲಾಗುತ್ತದೆ. ನಿಮ್ಮ ಅಂಕಗಳಿಗೂ ಅವಳ ಅಂಕಗಳಿಗೂ ತೂಕ ಒಂದೇ. ಎಂ.ಎಸ್ಸಿ. ಪ್ರವೇಶವಾಗಲಿ, ಬಿ.ಇಡಿ. ಪ್ರವೇಶವಾಗಲಿ, ಕೆಪಿಎಸ್‌ಸಿ ಪರೀಕ್ಷೆಯಾಗಲಿ, ಪದವಿ ಓದಿದ್ದು ಎಷ್ಟು ದೊಡ್ಡ ಕಟ್ಟಡದಲ್ಲಿ ಎಂದು ಅರ್ಜಿಯಲ್ಲಿ ಯಾರೂ ಕೇಳುವುದಿಲ್ಲ.

ಡಿಗ್ರಿಯ ಬೆಲೆ ಒಂದೇ ಆದರೂ ಕಲಿಕೆಯಲ್ಲಿ ವ್ಯತ್ಯಾಸವಿದೆ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ನಗರದ ಹಳೆಯ ಕಾಲೇಜುಗಳಲ್ಲಿ ಕಾಯಂ ಉಪನ್ಯಾಸಕರು ಹೆಚ್ಚು, ಗ್ರಂಥಾಲಯ ದೊಡ್ಡದು, ಚೆನ್ನಾಗಿ ಓದುವ ಸಹಪಾಠಿಗಳ ಸಂಖ್ಯೆಯೂ ಹೆಚ್ಚು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ಅವರನ್ನು ಶೈಕ್ಷಣಿಕ ವರ್ಷದ ಲೆಕ್ಕದಲ್ಲಿ ನೇಮಿಸಿಕೊಳ್ಳುವುದರಿಂದ, ತರಗತಿಗಳು ಆರಂಭವಾದ ಎಷ್ಟೋ ವಾರಗಳ ನಂತರ ಅವರು ಕಾಲೇಜಿಗೆ ಬರುವುದು ತಾಲ್ಲೂಕು ಕೇಂದ್ರಗಳಲ್ಲಿ ಪ್ರತಿವರ್ಷದ ಅನುಭವ. ಇದು ಆ ಉಪನ್ಯಾಸಕರ ತಪ್ಪಲ್ಲ. ಎರಡೂ ಜಿಲ್ಲೆಗಳ ಕಾಲೇಜುಗಳಲ್ಲಿ ಗಣಿತ ಪಾಠ ಮಾಡಿದ ನಾನು ಕಂಡ ಕೆಲವು ಅತ್ಯುತ್ತಮ ಅಧ್ಯಾಪಕರು ಅತಿಥಿ ಉಪನ್ಯಾಸಕರೇ ಆಗಿದ್ದರು, ಮುಂದಿನ ವರ್ಷ ತಮಗೆ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಆತಂಕದಲ್ಲಿಯೇ ಅವರು ಪಾಠ ಮಾಡುತ್ತಿದ್ದರು. ಸೆಮಿಸ್ಟರ್ ಶುರುವಾಗುವ ಮೊದಲೇ ನೇಮಕಾತಿ ಮುಗಿಸುವುದು ಸರ್ಕಾರಕ್ಕೆ ಅಸಾಧ್ಯವಾದ ಕೆಲಸವೇನೂ ಅಲ್ಲ. ಆ ವಿಳಂಬದ ಬೆಲೆಯನ್ನು ನಿಮ್ಮಂಥ ವಿದ್ಯಾರ್ಥಿನಿಯರು ಫೇಲಾದ ಅಂಕಪಟ್ಟಿಯ ಮೂಲಕ ತೆರುತ್ತಿದ್ದಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನು ಸಣ್ಣ ಕಾಲೇಜಿನಲ್ಲಿ ಇರುವುದೇನು, ಅದನ್ನು ನೋಡೋಣ. ಭೌತಶಾಸ್ತ್ರದ ಲ್ಯಾಬ್‌ನಲ್ಲಿ ನೀವು ಬಾರ್ ಪೆಂಡುಲಮ್ ಪ್ರಯೋಗ ಮಾಡಿರಬಹುದು. ಉದ್ದಕ್ಕೂ ರಂಧ್ರಗಳಿರುವ ಲೋಹದ ಪಟ್ಟಿಯನ್ನು ಒಂದೊಂದೇ ರಂಧ್ರದಿಂದ ತೂಗುಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಎಷ್ಟು ಸೆಕೆಂಡ್ ಎಂದು ಸ್ಟಾಪ್ ಕ್ಲಾಕ್ ಹಿಡಿದು ಬರೆದುಕೊಳ್ಳುವ ಪ್ರಯೋಗ ಅದು. ತರಗತಿಯಲ್ಲಿ ಅರವತ್ತು ಮಂದಿ ಇದ್ದಾಗ ಒಂದು ಉಪಕರಣದ ಸುತ್ತ ಐದಾರು ಮಂದಿ ನಿಲ್ಲುತ್ತಾರೆ, ಒಬ್ಬರು ರೀಡಿಂಗ್ ತೆಗೆಯುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಹನ್ನೊಂದೇ ಮಂದಿ ಇರುವ ತರಗತಿಯಲ್ಲಿ ಆ ಪಟ್ಟಿ ಪೂರ್ತಿ ನಿಮ್ಮ ಕೈಗೇ ಬರುತ್ತದೆ. ಗುರುತ್ವ ಕೇಂದ್ರದ ಹತ್ತಿರ ಹೋದಂತೆ ಪಟ್ಟಿ ಸೋಮಾರಿಯಂತೆ ನಿಧಾನವಾಗುವುದನ್ನು, ಅಲ್ಲಿ ಆಂದೋಲನದ ಅವಧಿ ಒಮ್ಮೆಲೇ ಏರುವುದನ್ನು ಕಣ್ಣಾರೆ ನೋಡಿದವರಿಗೆ ಗ್ರಾಫ್‌ನ ಆ ಎರಡು ವಕ್ರರೇಖೆಗಳು ಏಕೆ ಹಾಗಿವೆ ಎಂಬುದನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಈ ಪ್ರಯೋಗದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಮ್ಮ ಕಡೆಯ ರೆಕಾರ್ಡ್ ಪುಸ್ತಕಗಳಲ್ಲಿ ಗುರುತ್ವ ವೇಗೋತ್ಕರ್ಷದ ಉತ್ತರ ಬಹುತೇಕ 9.81 ಎಂದೇ ಇರುತ್ತದೆ. ಅದು ಪಠ್ಯಪುಸ್ತಕದ ಸರಾಸರಿ ಬೆಲೆ, ಸುಮಾರು 45 ಡಿಗ್ರಿ ಅಕ್ಷಾಂಶದಲ್ಲಿ ಸಿಗುವಂಥದ್ದು. ಚಿತ್ರದುರ್ಗ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಸುಮಾರಿಗೆ, ಸಮುದ್ರಮಟ್ಟದಿಂದ 700 ಮೀಟರಿಗಿಂತ ಹೆಚ್ಚು ಎತ್ತರದಲ್ಲಿ. ಭೂಮಿ ಸಮಭಾಜಕದ ಕಡೆ ಉಬ್ಬಿರುವುದರಿಂದಲೂ ಅಲ್ಲಿ ತಿರುಗುವ ವೇಗ ಹೆಚ್ಚಿರುವುದರಿಂದಲೂ ಇಲ್ಲಿನ ನಿಜವಾದ ಬೆಲೆ 9.78ರ ಆಸುಪಾಸಿನಲ್ಲಿದೆ. ನಿಮ್ಮ ರೀಡಿಂಗ್‌ನಿಂದ 9.72 ಬಂದರೆ 9.72 ಎಂದೇ ಬರೆಯಿರಿ, ಮತ್ತು ವ್ಯತ್ಯಾಸ ಏಕೆ ಬಂತು ಎಂದು ಉಪನ್ಯಾಸಕರನ್ನು ಕೇಳಿ. ಹನ್ನೊಂದು ಮಂದಿಯ ತರಗತಿಯಲ್ಲಿ ಈ ಪ್ರಶ್ನೆ ಕೇಳುವುದಕ್ಕೂ ಅವರು ನಿಂತು ಉತ್ತರಿಸುವುದಕ್ಕೂ ಸಮಯವಿರುತ್ತದೆ. ಎಂ.ಎಸ್ಸಿ.ಯ ಮೊದಲ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಬೇರ್ಪಡಿಸಿ ತೋರಿಸುವುದು ಇಂಥ ಪ್ರಾಮಾಣಿಕ ಲ್ಯಾಬ್ ಅಭ್ಯಾಸವೇ.

ಹಾಗಾದರೆ ಯಾವಾಗ ಬದಲಾಯಿಸಬೇಕು? ನಿಮ್ಮ ಮೂರು ಮುಖ್ಯ ವಿಷಯಗಳಲ್ಲಿ ಯಾವುದಾದರೂ ಒಂದಕ್ಕೆ ಮುಂದಿನ ವರ್ಷ ಬೋಧಕರೇ ಇರುವುದಿಲ್ಲ ಎಂಬುದು ಖಚಿತವಾದರೆ, ಅಥವಾ ರಸಾಯನಶಾಸ್ತ್ರದ ಲ್ಯಾಬ್‌ನಲ್ಲಿ ರಾಸಾಯನಿಕಗಳಿಲ್ಲದೆ, ನೀರಿಲ್ಲದೆ ಪ್ರಾಯೋಗಿಕ ತರಗತಿಗಳು ನಡೆಯುವುದೇ ಇಲ್ಲ ಎಂಬ ಸ್ಥಿತಿ ಇದ್ದರೆ, ಆಗ ಹೋಗುವುದೇ ಸರಿ. ಇದನ್ನು ಊಹಿಸಬೇಡಿ. ಆಯಾ ವಿಭಾಗದ ಮುಖ್ಯಸ್ಥರನ್ನು ಭೇಟಿಯಾಗಿ ಮೂರನೇ ಸೆಮಿಸ್ಟರ್‌ನ ಕಾರ್ಯಭಾರ ಹೇಗೆ ಹಂಚಿಕೆಯಾಗಲಿದೆ, ಕಾಯಂ ಉಪನ್ಯಾಸಕರು ಯಾವ ಪತ್ರಿಕೆಯನ್ನು ತೆಗೆದುಕೊಳ್ಳುತ್ತಾರೆ ಎಂದು ನೇರವಾಗಿ ಕೇಳಿ. ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳುವುದು ಉದ್ಧಟತನವಲ್ಲ, ಕೇಳಿದವಳನ್ನು ಅಧ್ಯಾಪಕರು ನೆನಪಿಟ್ಟುಕೊಳ್ಳುತ್ತಾರೆ.

ಬದಲಾವಣೆಯ ವಿಧಾನವೂ ತಿಳಿದಿರಲಿ. ಒಂದೇ ವಿಶ್ವವಿದ್ಯಾಲಯದೊಳಗೆ ಕಾಲೇಜು ಬದಲಾಯಿಸುವುದು ಸಾಮಾನ್ಯವಾಗಿ ಬೆಸ ಸೆಮಿಸ್ಟರ್‌ನ ಆರಂಭದಲ್ಲಿ, ಅಂದರೆ ಮೂರನೇ ಅಥವಾ ಐದನೇ ಸೆಮಿಸ್ಟರ್‌ಗೆ ಸೇರುವ ಹೊತ್ತಿನಲ್ಲಿ. ಎರಡೂ ಕಾಲೇಜುಗಳ ಪ್ರಾಂಶುಪಾಲರ ಒಪ್ಪಿಗೆ, ನಿರಾಕ್ಷೇಪಣಾ ಪತ್ರ, ಟಿ.ಸಿ., ವಿಶ್ವವಿದ್ಯಾಲಯದ ಅನುಮತಿ ಮತ್ತು ಶುಲ್ಕ, ಇಷ್ಟೂ ಆಗಬೇಕು. ಸೇರುವ ಕಾಲೇಜಿನಲ್ಲಿ ನಿಮ್ಮದೇ ವಿಷಯ ಸಂಯೋಜನೆಯೂ ಖಾಲಿ ಸೀಟೂ ಇರಬೇಕು. ಅಲ್ಲಿಂದ ಒಪ್ಪಿಗೆ ಬರವಣಿಗೆಯಲ್ಲಿ ಸಿಗುವ ಮೊದಲು ಇಲ್ಲಿ ಟಿ.ಸಿ. ತೆಗೆದುಕೊಳ್ಳಬೇಡಿ, ಅವಸರದಲ್ಲಿ ಹಾಗೆ ಮಾಡಿ ಎರಡೂ ಕಡೆ ಇಲ್ಲದಂತಾದವರಿದ್ದಾರೆ.

ಪ್ರಯಾಣದ ಲೆಕ್ಕವನ್ನೂ ಮಾಡಿ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ, ಆದ್ದರಿಂದ ಬಸ್ ಖರ್ಚಿಲ್ಲ ಎಂದು ನಿಮ್ಮ ಸೋದರಮಾವ ಹೇಳಬಹುದು. ಆದರೆ ನಮ್ಮ ಎರಡೂ ಜಿಲ್ಲೆಗಳ ಎಷ್ಟೋ ಹಳ್ಳಿ ಮಾರ್ಗಗಳಲ್ಲಿ ಇಂದಿಗೂ ಓಡುವುದು ಖಾಸಗಿ ಬಸ್ಸುಗಳೇ, ಅವುಗಳಲ್ಲಿ ಈ ಸೌಲಭ್ಯ ಇಲ್ಲ. ಟಿಕೆಟ್ ಉಚಿತವೇ ಆದರೂ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಬಸ್ಸಿನಲ್ಲಿ ಕಳೆದರೆ ನಿಮ್ಮ ಗಣಿತದ ಹೊತ್ತೆಲ್ಲ ಅಲ್ಲಿಯೇ ಹೋಗುತ್ತದೆ. ದಾವಣಗೆರೆಯಲ್ಲಿ ಉಳಿಯುವುದಾದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಆನ್‌ಲೈನ್ ಅರ್ಜಿ ಹಾಕಬೇಕು, ಎರಡನೇ ವರ್ಷದಲ್ಲಿ ಹೊಸದಾಗಿ ಕೇಳುವವರಿಗೆ ಸೀಟು ಸಿಕ್ಕೇ ಸಿಗುತ್ತದೆ ಎಂದು ನಂಬಿ ಹೊರಡಬಾರದು.

ಈಗ ಗಣಿತದ ವಿಷಯಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇದೇ.

ಮೊದಲು ಪರೀಕ್ಷೆ, ಫಲಿತಾಂಶಗಳ ಆನ್‌ಲೈನ್ ತಾಣವಾದ ಯುಯುಸಿಎಂಎಸ್‌ನಲ್ಲಿ ನಿಮ್ಮ ಫಲಿತಾಂಶವನ್ನು ತೆರೆದು, ಫೇಲ್ ಎಂಬ ಅಕ್ಷರವನ್ನು ಬಿಟ್ಟು ಅಂಕಗಳನ್ನು ಬಿಡಿಬಿಡಿಯಾಗಿ ನೋಡಿ. ಥಿಯರಿಯಲ್ಲಿ ಎಷ್ಟು ಬಂದಿದೆ, ಆಂತರಿಕ ಅಂಕ ಎಷ್ಟು, ಎರಡೂ ಸರಿಯಾಗಿ ದಾಖಲಾಗಿವೆಯೇ? ಕಾಲೇಜಿನಿಂದ ಆಂತರಿಕ ಅಂಕ ಅಪ್‌ಲೋಡ್ ಆಗದೆ, ಅಥವಾ ಹಾಜರಿದ್ದವರು ಗೈರು ಎಂದು ನಮೂದಾಗಿ ಫಲಿತಾಂಶ ಕೆಟ್ಟ ಉದಾಹರಣೆಗಳನ್ನು ನಾನು ನೋಡಿದ್ದೇನೆ. ಅಂಥದ್ದಾಗಿದ್ದರೆ ಪ್ರಾಂಶುಪಾಲರ ಪತ್ರದೊಂದಿಗೆ ಪರೀಕ್ಷಾಂಗ ವಿಭಾಗಕ್ಕೆ ಹೋಗಬೇಕು. ಎರಡನೇ ಸೆಮಿಸ್ಟರ್‌ನ ಫಲಿತಾಂಶ ಬಂದ ದಿನವೇ ಇದೇ ಪರಿಶೀಲನೆ ಮಾಡಿ. ಉತ್ತರಪತ್ರಿಕೆಯ ಛಾಯಾಪ್ರತಿಗೂ ಮರುಮೌಲ್ಯಮಾಪನಕ್ಕೂ ಕೊಡುವ ಗಡುವು ಬಹಳ ಚಿಕ್ಕದು, ಅದು ಮುಗಿದ ಮೇಲೆ ಯಾರನ್ನು ಕೇಳಿಕೊಂಡರೂ ಪ್ರಯೋಜನವಿಲ್ಲ.

ಮೊದಲ ಸೆಮಿಸ್ಟರ್‌ನ ಪತ್ರಿಕೆಗೆ ಮರುಪರೀಕ್ಷೆ ಸಾಮಾನ್ಯವಾಗಿ ಬರುವುದು ಮುಂದಿನ ಬೆಸ ಸೆಮಿಸ್ಟರ್ ಪರೀಕ್ಷೆಗಳ ಜೊತೆಗೆ. ಅಂದರೆ ಮೂರನೇ ಸೆಮಿಸ್ಟರ್‌ನ ಎಲ್ಲ ಪತ್ರಿಕೆಗಳ ಜೊತೆ ಈ ಗಣಿತವನ್ನೂ ನೀವು ಅದೇ ವಾರಗಳಲ್ಲಿ ಬರೆಯಬೇಕಾಗುತ್ತದೆ. ಸೆಮಿಸ್ಟರ್ ನಡುವೆ ಇದಕ್ಕೆ ಬಿಡುವು ಸಿಗುವುದಿಲ್ಲ. ಈ ರಜೆಯಲ್ಲೇ ಆ ಪತ್ರಿಕೆಯನ್ನು ಪರೀಕ್ಷೆ ನಾಳೆಯೇ ಇದೆ ಎಂಬಷ್ಟರ ಮಟ್ಟಿಗೆ ಮುಗಿಸಿಟ್ಟು, ಪರೀಕ್ಷೆಯ ಹೊತ್ತಿಗೆ ಒಮ್ಮೆ ತಿರುವಿ ಹಾಕಿದರೆ ಸಾಕು ಎಂಬ ಸ್ಥಿತಿಗೆ ತರಬೇಕು. ಬ್ಯಾಕ್ ಪರೀಕ್ಷೆಗೂ ಯುಯುಸಿಎಂಎಸ್‌ನಲ್ಲಿ ಪ್ರತ್ಯೇಕವಾಗಿ ಆ ಪತ್ರಿಕೆಯನ್ನು ಆಯ್ಕೆ ಮಾಡಿ ಶುಲ್ಕ ಕಟ್ಟಬೇಕು ಎಂಬುದನ್ನು ಮರೆಯಬೇಡಿ.

ಓದುವುದು ಹೇಗೆ? ನೀವು ಫೇಲಾದದ್ದಕ್ಕೆ ಉಪನ್ಯಾಸಕರು ತಡವಾಗಿ ಬಂದದ್ದೊಂದೇ ಕಾರಣವಾಗಿರಲಾರದು. ಪಿಯುಸಿವರೆಗೆ ಗಣಿತವೆಂದರೆ ಲೆಕ್ಕ ಬಿಡಿಸುವುದು. ಪದವಿಯಲ್ಲಿ ಅದು ಕಾರಣ ಹೇಳುವುದಾಗಿ ಬದಲಾಗುತ್ತದೆ, ಮತ್ತು ಈ ಬದಲಾವಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಡಿಫರೆನ್ಷಿಯಲ್ ಕ್ಯಾಲ್ಕುಲಸ್‌ನಲ್ಲಿ ರೋಲ್ ಪ್ರಮೇಯ ಬರುತ್ತದೆ. ಒಂದು ಫಂಕ್ಷನ್ ಮುಚ್ಚಿದ ಅಂತರದಲ್ಲಿ ನಿರಂತರವಾಗಿದ್ದು, ಒಳಗಿನ ಪ್ರತಿಯೊಂದು ಬಿಂದುವಿನಲ್ಲೂ ಡಿಫರೆನ್ಷಿಯಬಲ್ ಆಗಿದ್ದು, ಎರಡೂ ತುದಿಗಳಲ್ಲಿ ಒಂದೇ ಬೆಲೆ ಪಡೆದರೆ, ನಡುವೆ ಎಲ್ಲಾದರೂ ಒಂದು ಕಡೆ ಅದರ ಡಿರೈವೇಟಿವ್ ಸೊನ್ನೆಯಾಗಲೇಬೇಕು ಎಂಬುದು ಅದರ ಹೇಳಿಕೆ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸ್ ಓದಿದವರು ಈ ಹೇಳಿಕೆಯನ್ನು ತಪ್ಪಿಲ್ಲದೆ ಬರೆಯುತ್ತಾರೆ. ಈಗ ನೋಟ್ಸ್ ಮುಚ್ಚಿಟ್ಟು, ಮೈನಸ್ ಒಂದರಿಂದ ಪ್ಲಸ್ ಒಂದರವರೆಗೆ ಮಾಡ್ಯುಲಸ್ ಎಕ್ಸ್‌ನ ಗ್ರಾಫ್ ಬರೆಯಿರಿ. ಎರಡೂ ತುದಿಯಲ್ಲಿ ಬೆಲೆ ಒಂದೇ. ಎಲ್ಲಿಯೂ ರೇಖೆ ಕಡಿದಿಲ್ಲ. ಆದರೂ ಡಿರೈವೇಟಿವ್ ಸೊನ್ನೆಯಾಗುವ ಬಿಂದು ಎಲ್ಲಿಯೂ ಸಿಗುವುದಿಲ್ಲ, ಎಡಕ್ಕೆ ಅದು ಮೈನಸ್ ಒಂದು, ಬಲಕ್ಕೆ ಪ್ಲಸ್ ಒಂದು. ಪ್ರಮೇಯ ಸುಳ್ಳಾಯಿತೇ? ಇಲ್ಲ, ಸೊನ್ನೆಯಲ್ಲಿ ಗ್ರಾಫ್‌ಗೆ ಮೊನೆ ಇದೆ, ಅಲ್ಲಿ ಅದು ಡಿಫರೆನ್ಷಿಯಬಲ್ ಅಲ್ಲ, ಎರಡನೆಯ ಷರತ್ತೇ ಮುರಿದಿದೆ. ಷರತ್ತುಗಳನ್ನು ಏಕೆ ಇಟ್ಟಿದ್ದಾರೆ ಎಂಬುದು ಇಷ್ಟು ಮಾಡಿದ ಮೇಲೆ ನಿಮಗೇ ಗೊತ್ತಾಗುತ್ತದೆ, ಮತ್ತು ಒಮ್ಮೆ ಗೊತ್ತಾದ ಮೇಲೆ ಹೇಳಿಕೆಯನ್ನು ಉರುಹೊಡೆಯಬೇಕಾಗಿಲ್ಲ.

ನಿಮ್ಮ ಪತ್ರಿಕೆಯ ಪ್ರತಿಯೊಂದು ಪ್ರಮೇಯಕ್ಕೂ ಹೀಗೆ ಒಂದು ಷರತ್ತನ್ನು ತೆಗೆದುಹಾಕಿ, ಏನು ಕೆಡುತ್ತದೆ ಎಂದು ನೋಡಿ. ದಿನಕ್ಕೆ ಒಂದೇ ಪ್ರಮೇಯವಾದರೂ ಸಾಕು. ಲಿಮಿಟ್, ಡಿರೈವೇಟಿವ್, ಇಂಟಿಗ್ರೇಷನ್‌ಗಳಲ್ಲಿ ತಡವರಿಸುವಂತಿದ್ದರೆ ಸಂಕೋಚಪಡದೆ ದ್ವಿತೀಯ ಪಿಯುಸಿಯ ಪುಸ್ತಕಕ್ಕೆ ಹಿಂದಿರುಗಿ. ಆ ತಳಪಾಯ ಗಟ್ಟಿಯಾಗದೆ ಮೂರನೇ ಸೆಮಿಸ್ಟರ್ ಭೌತಶಾಸ್ತ್ರವೂ ಕಷ್ಟವಾಗುತ್ತದೆ.

ಹಳೆಯ ಪ್ರಶ್ನೆಪತ್ರಿಕೆಗಳ ಬಗ್ಗೆ ಎಚ್ಚರಿಕೆ ಬೇಕು. ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಡೆದ ಪದವಿ ವ್ಯವಸ್ಥೆಯನ್ನು 2024-25ರಿಂದ ಬದಲಾಯಿಸಿ, ಮೊದಲಿನಂತೆ ಮೂರು ವರ್ಷಗಳ, ಮೂರು ಮುಖ್ಯ ವಿಷಯಗಳ ಪದವಿಯನ್ನು ತರಲಾಯಿತು. ಹಿಂದಿನ ಪದ್ಧತಿಯಲ್ಲಿ ಸೆಮಿಸ್ಟರ್ ಪರೀಕ್ಷೆಗೆ 60, ಆಂತರಿಕಕ್ಕೆ 40 ಅಂಕಗಳಿದ್ದರೆ ಈಗ ಅದು 80 ಮತ್ತು 20. ಆಂತರಿಕ ಅಂಕಗಳ ಆಸರೆ ಅರ್ಧದಷ್ಟು ಕಡಿಮೆಯಾಗಿದೆ, ಬರವಣಿಗೆಯ ಪರೀಕ್ಷೆಯೇ ನಿರ್ಣಾಯಕವಾಗಿದೆ. ಸೀನಿಯರ್‌ಗಳು ಪ್ರೀತಿಯಿಂದ ಕೊಡುವ ಹಳೆಯ ನೋಟ್ಸ್ ಈ ಬದಲಾವಣೆಗಿಂತ ಹಿಂದಿನದಾಗಿದ್ದರೆ, ನಿಮ್ಮ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟುಕೊಂಡು ಯಾವ ಅಧ್ಯಾಯ ಉಳಿದಿದೆ, ಯಾವುದು ಹೋಗಿದೆ ಎಂದು ಗುರುತು ಹಾಕಿಕೊಂಡ ನಂತರವೇ ಓದಿ.

ಪುಸ್ತಕಗಳ ಕೊರತೆಗೆ ಒಂದು ದಾರಿ ನಿಮ್ಮ ಕಾಲೇಜಿನಲ್ಲೇ ಇರಬಹುದು. ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಎನ್-ಲಿಸ್ಟ್ ಸೌಲಭ್ಯಕ್ಕೆ ಸೇರಿರುವ ಕಾಲೇಜುಗಳ ವಿದ್ಯಾರ್ಥಿಗಳು ಮನೆಯಿಂದಲೇ ಬಹಳಷ್ಟು ಇ-ಪುಸ್ತಕಗಳನ್ನು ಓದಬಹುದು, ಅದಕ್ಕೆ ಬೇಕಾದ ಐಡಿಯನ್ನು ಗ್ರಂಥಪಾಲಕರು ಮಾಡಿಕೊಡುತ್ತಾರೆ. ಇದನ್ನು ಕೇಳಿ ಪಡೆಯುವ ವಿದ್ಯಾರ್ಥಿಗಳು ಅಪರೂಪ, ನೀವು ಕೇಳಿ. ಸ್ವಯಂ ಮತ್ತು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕೆಯ ತಾಣಗಳ ಪಾಠಗಳೂ ಉಚಿತ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಈ ಇಂಗ್ಲಿಷ್ ಪಾಠಗಳು ಮೊದಮೊದಲು ಭಾರವೆನಿಸುತ್ತವೆ. ನಿಮಗೂ ಹಾಗಾದರೆ ವಿಡಿಯೋಗಿಂತ ಪುಸ್ತಕವೇ ಮೇಲು. ದಿನಕ್ಕೆ ಒಂದು ಪುಟ ಓದಿ, ಅದನ್ನು ಮುಚ್ಚಿಟ್ಟು ಕನ್ನಡದಲ್ಲಿ ಯಾರಿಗಾದರೂ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಯಿರಿ.

ಯಾರಿಗೆ ವಿವರಿಸಬೇಕು ಎಂದರೆ ಉಳಿದ ಹತ್ತು ಮಂದಿಗೆ. ಈ ರಜೆಯಲ್ಲಿ ಅವರಲ್ಲಿ ಇಬ್ಬರು ಮೂವರಾದರೂ ವಾರಕ್ಕೆರಡು ಬಾರಿ ಕಾಲೇಜಿನ ಗ್ರಂಥಾಲಯದಲ್ಲಿ ಸೇರುವಂತೆ ಮಾಡಿ. ಬಿಟ್ಟುಹೋದ ಆರು ಮಂದಿಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ನನಗೆ ಆ ಸಾಲು ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯಿತು. ನಮ್ಮ ಸೀಮೆಯಲ್ಲಿ ಮೊದಲ ವರ್ಷದಲ್ಲಿ ಕಾಲೇಜು ಬಿಡುವ ಹುಡುಗರು ಬಹುತೇಕ ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ, ಹುಡುಗಿಯರಿಗೆ ಮದುವೆ ಗೊತ್ತಾಗಿರುತ್ತದೆ. ಕೆಲವರು ಮಾತ್ರ ಒಂದೆರಡು ಪತ್ರಿಕೆಗಳಲ್ಲಿ ಫೇಲಾದ ನಾಚಿಕೆಗೆ ಬರುವುದನ್ನು ನಿಲ್ಲಿಸಿರುತ್ತಾರೆ, ಅವರನ್ನು ವಾಪಸು ಕರೆತರಲು ಸಾಧ್ಯವಿದೆ. ಎರಡನೇ ವರ್ಷಕ್ಕೆ ಹೇಗೆ ಮುಂದುವರಿಯಬಹುದು, ಉಳಿದ ಪತ್ರಿಕೆಗಳನ್ನು ಯಾವಾಗ ಬರೆಯಬಹುದು ಎಂಬುದನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ ತಿಳಿದುಕೊಂಡು ಅವರಿಗೆ ಫೋನ್ ಮಾಡಿ ಹೇಳಿ. ಅರವತ್ತು ಮಂದಿಯ ತರಗತಿಯಲ್ಲಿ ಯಾರು ಬರುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ. ನಿಮಗೆ ಆರೂ ಮಂದಿಯ ಹೆಸರು, ಊರು ಗೊತ್ತು.

ವಿದ್ಯಾರ್ಥಿವೇತನದ ನವೀಕರಣವನ್ನು ಮುಂದೂಡದೆ ಈಗಲೇ ಸಿದ್ಧಮಾಡಿಕೊಳ್ಳಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿಯಲ್ಲಿ ಪ್ರತಿವರ್ಷವೂ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವಷ್ಟೇ ಎಂದು ನೋಡಿಕೊಳ್ಳಿ. ನಿಮ್ಮ ತಂದೆ ರೈತರಾಗಿದ್ದರೆ, ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ವಿದ್ಯಾನಿಧಿಯಲ್ಲಿ ಬಿ.ಎಸ್ಸಿ. ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ರೂಪಾಯಿ ನಿಗದಿಯಾಗಿತ್ತು, ಅದಕ್ಕೆ ಅವರ ಹೆಸರಿನ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಬೇಕು. ಸರ್ಕಾರಿ ಶಾಲೆ-ಕಾಲೇಜುಗಳಲ್ಲಿ ಓದಿ ಬಂದ ವಿದ್ಯಾರ್ಥಿನಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ವರ್ಷಕ್ಕೆ 30,000 ರೂಪಾಯಿಯ ವೇತನ ನಿಮಗೆ ಮೊದಲ ವರ್ಷದಲ್ಲಿ ಮಂಜೂರಾಗಿದ್ದರೆ, ಎರಡನೇ ವರ್ಷಕ್ಕೆ ಅದನ್ನು ಮುಂದುವರಿಸಲು ಏನು ಸಲ್ಲಿಸಬೇಕೆಂದು ತಿಳಿದುಕೊಳ್ಳಿ. ಹಾಜರಾತಿ ಶೇ 75ಕ್ಕಿಂತ ಕೆಳಗಿಳಿಯಲು ಎಂದೂ ಬಿಡಬೇಡಿ.

ಎಂ.ಎಸ್ಸಿ. ಆಸೆಯ ಬಗ್ಗೆ ಹೇಳುವುದಾದರೆ, ಅದು ದೂರದ ಮಾತೇನಲ್ಲ. ವಿಶ್ವವಿದ್ಯಾಲಯದ ಪ್ರವೇಶಕ್ಕೆ ನಿಮ್ಮ ಪದವಿಯ ಅಂಕಗಳೇ ಮುಖ್ಯ. ಐಐಟಿಗಳ ಎಂ.ಎಸ್ಸಿ.ಗೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೂ ದಾರಿಯಾಗಿರುವ ಜಾಮ್ ಪರೀಕ್ಷೆ ಪ್ರತಿ ಫೆಬ್ರುವರಿಯಲ್ಲಿ ನಡೆಯುತ್ತದೆ, ಅಲ್ಲಿ ಕೇಳುವುದು ಬಿ.ಎಸ್ಸಿ. ಮಟ್ಟದ ವಿಷಯವನ್ನೇ, ಆದರೆ ಬಾಯಿಪಾಠದಿಂದ ಉತ್ತರಿಸಲಾಗದ ರೀತಿಯಲ್ಲಿ. ಗಣಿತದಲ್ಲಿ ಆಸಕ್ತಿ ಹುಟ್ಟಿದರೆ 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಎಂಬ ಗಣಿತ ತರಬೇತಿಯ ಬೇಸಿಗೆ ಶಿಬಿರಕ್ಕೆ ಎರಡನೇ ವರ್ಷದಲ್ಲಿ ಅರ್ಜಿ ಹಾಕಿ. ಪ್ರಶ್ನೆ ಕೇಳುವುದನ್ನು ಕಲಿಸುವ ಶಿಬಿರ ಅದು. ಭೌತಶಾಸ್ತ್ರ ಅಧ್ಯಾಪಕರ ಸಂಘವಾದ ಐಎಪಿಟಿ ಪದವಿ ವಿದ್ಯಾರ್ಥಿಗಳಿಗಾಗಿ ರಾಷ್ಟ್ರಮಟ್ಟದ ಪರೀಕ್ಷೆಯೊಂದನ್ನು ನಡೆಸುತ್ತದೆ, ಅದಕ್ಕೆ ನಿಮ್ಮ ಕಾಲೇಜಿನಿಂದ ಯಾರೂ ಹೆಸರು ನೋಂದಾಯಿಸಿಲ್ಲವಾದರೆ ನೀವೇ ಮೊದಲಿಗರಾಗಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್‌ನಲ್ಲಿ ವಿಜ್ಞಾನ-ಗಣಿತ ಅಧ್ಯಾಪಕರಿಗೆ ತರಬೇತಿ ನಡೆಯುತ್ತದೆ. ನಿಮ್ಮ ಅಧ್ಯಾಪಕರಲ್ಲಿ ಯಾರಾದರೂ ಅಲ್ಲಿಗೆ ಹೋಗಿಬಂದಿದ್ದರೆ ಅಲ್ಲಿ ಮಾಡಿದ ಪ್ರಯೋಗಗಳನ್ನು ನಿಮಗೂ ತೋರಿಸಿ ಎಂದು ಕೇಳಿ. ಶಿಕ್ಷಕಿಯಾಗುವ ದಾರಿಯಂತೂ ನೇರವಾಗಿದೆ. ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 50 ಅಂಕ, ಆಮೇಲೆ ಎರಡು ವರ್ಷದ ಬಿ.ಇಡಿ.; ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ಓದಿದವರು ಹೈಸ್ಕೂಲ್‌ಗಳಿಗೆ ಸದಾ ಬೇಕು.

ಕೊನೆಯದಾಗಿ ನಿಮ್ಮ ತಂದೆಯವರ ಬಗ್ಗೆ. ಓದು ಸಾಕು ಎಂಬ ಮಾತು ಸಿಟ್ಟಿನಿಂದ ಬಂದದ್ದಲ್ಲ, ಖರ್ಚು ಮಾಡಿ ಕಳುಹಿಸಿದ ಮಗಳು ಫೇಲಾದದ್ದನ್ನು ಕಂಡ ಚಿಂತೆಯಿಂದ ಬಂದದ್ದು ಎಂದುಕೊಳ್ಳುತ್ತೇನೆ. ಮನೆಯಲ್ಲಿ ಕುಳಿತು ಅವರೊಡನೆ ವಾದ ಮಾಡಬೇಡಿ. ಒಂದು ದಿನ ಕಾಲೇಜಿಗೆ ಕರೆದುಕೊಂಡು ಹೋಗಿ. ಗಣಿತದ ಉಪನ್ಯಾಸಕರು ಅವರೊಡನೆ ಹತ್ತು ನಿಮಿಷ ಮಾತಾಡಲಿ, ನಿಮ್ಮ ಉಳಿದ ಪತ್ರಿಕೆಗಳ ಅಂಕಗಳನ್ನು ತೋರಿಸಲಿ. ನೀವು ಒಂದು ಹಾಳೆಯಲ್ಲಿ ಎರಡು ಲೆಕ್ಕ ಬರೆದುಕೊಂಡು ಹೋಗಿ: ಇಲ್ಲಿ ಇನ್ನೆರಡು ವರ್ಷ ಓದಲು ಶುಲ್ಕ, ಪುಸ್ತಕ, ಪರೀಕ್ಷೆ ಸೇರಿ ಎಷ್ಟಾಗುತ್ತದೆ, ಬರುವ ವಿದ್ಯಾರ್ಥಿವೇತನ ಎಷ್ಟು, ದಾವಣಗೆರೆಗೆ ಹೋದರೆ ಎಷ್ಟಾಗುತ್ತದೆ. ನಿಮ್ಮ ಸೋದರಮಾವನವರನ್ನೂ ಅಂದು ಜೊತೆಗೆ ಕರೆಯಿರಿ, ಏಕೆಂದರೆ ನಿಮ್ಮ ಓದು ಮುಂದುವರಿಯಲಿ ಎಂದು ಬಯಸುವ ಹಿರಿಯರೊಬ್ಬರು ಮನೆಯಲ್ಲಿ ಇರುವುದು ಸಣ್ಣ ಅನುಕೂಲವಲ್ಲ. ಈ ಭೇಟಿ ಎರಡನೇ ಸೆಮಿಸ್ಟರ್ ಫಲಿತಾಂಶ ಬರುವ ಮೊದಲೇ ಆಗಲಿ, ಮೂರನೇ ಸೆಮಿಸ್ಟರ್‌ನ ಪ್ರವೇಶ ಶುಲ್ಕ ಕಟ್ಟುವ ದಿನಾಂಕವನ್ನೂ ಅಂದೇ ಕಚೇರಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ.